ದುಡ್ಡು ನಮ್ಮದು, ಆಟದ ಸ್ವಿಚ್ಚು ಬೇರೆಯವರ ಕೈಯಲ್ಲಿ

2024ರ ಮಾರ್ಚ್ 31ರಂದು 'ದಿ ಕ್ರೂ' ಅನ್ನುವ ಕಾರ್ ರೇಸಿಂಗ್ ಆಟ ನಿಂತುಹೋಯಿತು. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2014ರ ಡಿಸೆಂಬರ್‌ನಲ್ಲಿ ಬಿಟ್ಟಿದ್ದ ಆಟ ಅದು. ಇಡೀ ಅಮೆರಿಕವನ್ನು ಚಿಕ್ಕದು ಮಾಡಿ ಒಂದೇ ನಕ್ಷೆಯಲ್ಲಿ ಕೂರಿಸಿದ್ದರು. ನ್ಯೂಯಾರ್ಕ್‌ನಲ್ಲಿ ಹೊರಟರೆ ಲಾಸ್ ಏಂಜಲೀಸ್‌ವರೆಗೆ ಎಲ್ಲೂ ನಿಲ್ಲದೆ ಓಡಿಸಿಕೊಂಡು ಹೋಗಬಹುದಿತ್ತು. ಒಬ್ಬರೇ ಕೂತು ಆಡುವ ಕಥೆಯೂ ಅದರಲ್ಲಿತ್ತು. ಆದರೆ ಒಬ್ಬರೇ ಆಡುವಾಗಲೂ ಕಂಪನಿಯ ಸರ್ವರ್ ಜೊತೆ, ಅಂದರೆ ಆಟ ನಡೆಸುವ ಅವರ ಕಂಪ್ಯೂಟರ್ ಜೊತೆ, ಇಂಟರ್ನೆಟ್ ಸಂಪರ್ಕ ಇರಲೇಬೇಕಿತ್ತು. ಸರ್ವರ್ ಆಫ್ ಆದ ದಿನ ಎಲ್ಲ ಹೋಯಿತು. ಅಂಗಡಿಯಿಂದ ಡಿಸ್ಕ್ ತಂದಿಟ್ಟುಕೊಂಡವರ ಡಿಸ್ಕಿಗೂ ಬೆಲೆ ಇಲ್ಲದಂತಾಯಿತು. ಆಮೇಲೆ ಏಪ್ರಿಲ್‌ನಲ್ಲಿ ಜನರ ಖಾತೆಗಳಿಂದ ಆಟದ ಲೈಸೆನ್ಸನ್ನೂ, ಅಂದರೆ ಆಡುವ ಅನುಮತಿಯನ್ನೂ, ತೆಗೆದುಹಾಕಿದರು.

ಕಂಪನಿ ಮುಳುಗಿರಲಿಲ್ಲ. ಆಟದಲ್ಲಿ ಯಾವ ದೋಷವೂ ಇರಲಿಲ್ಲ. ಸರ್ವರ್ ವ್ಯವಸ್ಥೆ ಮತ್ತು ಲೈಸೆನ್ಸುಗಳ ತೊಡಕು ಅಂತ ಒಂದು ಕಾರಣ ಕೊಟ್ಟರು, ಅಷ್ಟೇ. ಈ ಸುದ್ದಿ ಅವತ್ತಿನಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಮನೆಗೆ ಮಿಕ್ಸಿ ತಂದ ಮೇಲೆ ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿದರೂ ಮಿಕ್ಸಿ ಚಟ್ನಿ ರುಬ್ಬುತ್ತದೆ. ಕೆಟ್ಟರೆ ಬೀದಿ ಕೊನೆಯ ರಿಪೇರಿ ಅಂಗಡಿಯವನು ಬಿಚ್ಚಿ ನೋಡುತ್ತಾನೆ. ಸಾಫ್ಟ್‌ವೇರ್ ವಿಷಯದಲ್ಲಿ ಮಾತ್ರ, ಮಾರಿದವನು ಯಾವತ್ತು ಬೇಕಾದರೂ ಬಂದು ವಾಪಸ್ ತೆಗೆದುಕೊಂಡು ಹೋಗಬಹುದು ಅನ್ನುವುದನ್ನು ನಾವೆಲ್ಲ ಒಪ್ಪಿಕೊಂಡು ಕೂತಿದ್ದೇವೆ. ಇದು ಸರಿ ಅಲ್ಲ. ಇದಕ್ಕೆ ಕಾನೂನು ಬೇಕು. ಆ ಕಾನೂನು ದೊಡ್ಡದೇನೂ ಆಗಬೇಕಿಲ್ಲ ಅಂತ ನನಗೆ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿದೆ.

ತುಮಕೂರಿನಿಂದ ಬೀರೂರಿಗೆ

ನನ್ನ ಅಕ್ಕನ ಮನೆ ತುಮಕೂರಿನಲ್ಲಿ. ಅವಳ ಮಗನಿಗೆ ರೈಲು ಅಂದರೆ ಪ್ರಾಣ. ಅವನ ಅಜ್ಜಿ ಮನೆ ಬೀರೂರು ಹತ್ತಿರ. ರಜೆ ಬಂದರೆ ರೈಲಿನಲ್ಲೇ ಹೋಗಬೇಕು, ಕಿಟಕಿ ಪಕ್ಕವೇ ಕೂರಬೇಕು. ಅವನಿಗೆ ಅಂತ ಟ್ಯಾಬ್‌ನಲ್ಲಿ ಒಂದು ಆಟ ಹುಡುಕಿ ಹಾಕಿಕೊಟ್ಟಿದ್ದೆ. ಹಳಿ ಹಾಕುವುದು, ಸ್ಟೇಷನ್ ಕಟ್ಟುವುದು, ಸಿಗ್ನಲ್ ಇಡುವುದು. ಜಾಹೀರಾತು ಇಲ್ಲ, ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು ಅನ್ನುವ ಆಟ. ಮಕ್ಕಳ ಆಟ ಆರಿಸುವಾಗ ಇದೆರಡನ್ನೂ ನಾನು ಬಿಗಿಯಾಗಿ ನೋಡುತ್ತೇನೆ.

ಅವನು ಅದರಲ್ಲಿ ಏನು ಮಾಡಿದ್ದ ಗೊತ್ತಾ? ತಾನು ಕಂಡ ದಾರಿಯನ್ನೇ ಕಟ್ಟಿದ್ದ. ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಬೀರೂರು. ಸ್ಟೇಷನ್‌ಗಳು ಅದೇ ಕ್ರಮದಲ್ಲಿ, ಒಂದೊಂದಕ್ಕೂ ಹೆಸರು ಹಾಕಿ. ಅರಸೀಕೆರೆಯಲ್ಲಿ ಹಳಿ ಕವಲೊಡೆಯುವುದನ್ನು ಅವನು ಕಿಟಕಿಯಲ್ಲಿ ನೋಡಿದ್ದ. ಆಟದಲ್ಲೂ ಅಲ್ಲೊಂದು ಕವಲು ಹಾಕಿ, ಇನ್ನೊಂದು ಹಳಿಯನ್ನು ಹಾಸನದ ಕಡೆ ತಿರುಗಿಸಿದ್ದ. ತಿಪಟೂರಿನ ಸುತ್ತ ಮರಗಳನ್ನು ಸಾಲಾಗಿ ನೆಟ್ಟಿದ್ದ. ಆಟದಲ್ಲಿ ತೆಂಗಿನ ಮರ ಇರಲಿಲ್ಲ. ಈಚಲು ಥರದ ಯಾವುದೋ ಮರ ಇತ್ತು, ಅದನ್ನೇ ಹುಡುಕಿ ಹಾಕಿದ್ದ. ಯಾರೂ ಹೇಳಿಕೊಟ್ಟಿದ್ದಲ್ಲ. ಕೂತು ಯೋಚನೆ ಮಾಡಿ ಮಾಡಿದ್ದು.

ಒಂದು ಭಾನುವಾರ ಅಕ್ಕನ ಫೋನು. ಮಾತಾಡಿದ್ದು ಅವನು. "ಮಾಮ, ನೆಟ್ ಇದೆ, ಆದ್ರೂ ಓಪನ್ ಆಗ್ತಿಲ್ಲ. ಏನೋ ಇಂಗ್ಲಿಷಲ್ಲಿ ಬರ್ತಿದೆ." ಫೋಟೋ ಕಳಿಸು ಅಂದೆ. ನೋಡಿದರೆ ಮುಕ್ತಾಯದ ನೋಟಿಸು. ಸೇವೆಯನ್ನು ನಿಲ್ಲಿಸಿದ್ದೇವೆ, ಇಷ್ಟು ದಿನ ಜೊತೆಗಿದ್ದಿದ್ದಕ್ಕೆ ಥ್ಯಾಂಕ್ಸ್ ಅಂತ. ಅವನು ಕಟ್ಟಿದ್ದೆಲ್ಲ ಟ್ಯಾಬ್‌ನಲ್ಲಿ ಉಳಿದಿರಲಿಲ್ಲ, ಅವರ ಸರ್ವರ್‌ನಲ್ಲಿತ್ತು. ಹೊರಗೆ ತೆಗೆದುಕೊಳ್ಳಲು ಒಂದು ಬಟನ್ ಕೂಡ ಕೊಟ್ಟಿರಲಿಲ್ಲ. ಅಕ್ಕ ಹಿಂದಿನಿಂದ, "ಇನ್ನೊಂದು ಯಾವ್ದಾದ್ರೂ ಹಾಕ್ಕೊಡೋ, ಬಿಡು" ಅಂದಳು. ಅವನು ಬಿಡಲಿಲ್ಲ. "ದುಡ್ಡು ಕೊಟ್ಟಿದ್ವಿ ಅಲ್ವಾ ಮಾಮ?" ಅಂತ ಕೇಳಿದ.

ಕೊಟ್ಟಿದ್ವಿ ಕಣೋ ಅಂದೆ. ಮುಂದೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಒಪ್ಪಂದದಲ್ಲಿ ಹೀಗೆ ಬರೆದಿರುತ್ತದೆ, ನಾವು ಓದದೆ ಒಪ್ಪಿಗೆ ಒತ್ತುತ್ತೇವೆ ಅಂತ ಒಂಬತ್ತು ವರ್ಷದ ಹುಡುಗನಿಗೆ ಹೇಳಿ ಪ್ರಯೋಜನ ಇಲ್ಲ. ಓದಿದ್ದರೂ ಏನು ಮಾಡುತ್ತಿದ್ದೆವು? ಆ ಒಪ್ಪಂದದಲ್ಲಿ ಒಂದು ಸಾಲು ಬದಲಾಯಿಸಿ ಕೊಡಿ ಅಂತ ಕೇಳಲು ಜಾಗವೇ ಇರುವುದಿಲ್ಲ. ಒತ್ತು, ಇಲ್ಲಾ ಬಿಡು.

ರೈಲು ಹಳಿಯ ಆಟಕ್ಕೆ ಸರ್ವರ್ ಯಾಕೆ ಬೇಕು? ನಾನು ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಆಟದ ನಕ್ಷೆ ಉಳಿಸುವುದು ಅಂದರೆ ಒಂದು ಫೈಲು. ಕೆಲವು ನೂರು ಕೆಬಿ ಇದ್ದೀತು. ಫೋನಿನಲ್ಲಿ ಒಂದು ಫೋಟೋ ತೆಗೆದರೆ ಅದಕ್ಕಿಂತ ದೊಡ್ಡದಾಗುತ್ತದೆ. ಅದನ್ನು ಸರ್ವರ್‌ಗೆ ಕಳಿಸಿದರೆ ಬೇರೆ ಫೋನಿನಲ್ಲೂ ಮುಂದುವರಿಸಬಹುದು, ಅದು ಒಳ್ಳೆಯ ಅನುಕೂಲವೇ. ಆದರೆ ಟ್ಯಾಬ್‌ನಲ್ಲೂ ಒಂದು ಪ್ರತಿ ಇಡಲು ಏನೂ ಖರ್ಚಿಲ್ಲ. ಇಡಲಿಲ್ಲ, ಯಾಕೆಂದರೆ ಇಡು ಅಂತ ಯಾರೂ ಕೇಳಿರಲಿಲ್ಲ.

ಹಾಸ್ಟೆಲ್ಲಿನ ಕೇಬಲ್ಲು

ಇದೇ ಹೊತ್ತಿಗೆ ನನಗೆ ದಾವಣಗೆರೆಯ ಹಾಸ್ಟೆಲ್ ನೆನಪಾಗುತ್ತದೆ. ಕೌಂಟರ್ ಸ್ಟ್ರೈಕ್ 1.6 ಅನ್ನುವ ಗುಂಡು ಹಾರಿಸುವ ಆಟದ ಕಾಲ. ರೂಮಿನಿಂದ ರೂಮಿಗೆ, ಕಂಪ್ಯೂಟರುಗಳನ್ನು ಜೋಡಿಸುವ ನೀಲಿ ಲ್ಯಾನ್ ಕೇಬಲ್. ಬಾಗಿಲ ಸಂದಿಯಲ್ಲಿ ತೂರಿ, ಕಾರಿಡಾರಿನ ಗೋಡೆಗೆ ಮೊಳೆ ಹೊಡೆದು, ಕೊನೆಗೆ ಮೂಲೆ ರೂಮಿನ ಮಂಚದ ಕೆಳಗೆ, ಕೇಬಲ್ಲುಗಳನ್ನೆಲ್ಲ ಕೂಡಿಸುವ ಒಂದು ಸ್ವಿಚ್‌ಗೆ ಹೋಗಿ ಸೇರುತ್ತಿದ್ದವು. ರಾತ್ರಿ ವಾರ್ಡನ್ ಇಂಟರ್ನೆಟ್ ಆಫ್ ಮಾಡಿಸುತ್ತಿದ್ದರು. ನಮಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಇಂಟರ್ನೆಟ್ ಹೋದರೂ ಸ್ವಿಚ್ಚಿನ ಹಸಿರು ದೀಪಗಳು ಮಿಣಿಮಿಣಿ ಅನ್ನುತ್ತಲೇ ಇರುತ್ತಿದ್ದವು. ಯಾರ ಕಂಪ್ಯೂಟರಿನಲ್ಲಿ ರ‍್ಯಾಮ್ ಜಾಸ್ತಿ ಇತ್ತೋ ಅವನದ್ದೇ ಸರ್ವರ್. "ಮಗಾ, ಸರ್ವರ್ ಹಾಕೋ" ಅಂತ ಒಬ್ಬ ಕೂಗಿದರೆ, "ಐಪಿ ಹೇಳು" ಅಂತ ಮೂರು ರೂಮಿನಿಂದ ಉತ್ತರ. ಅವನು ತನ್ನ ಕಂಪ್ಯೂಟರಿನ ವಿಳಾಸದ ಅಂಕಿಗಳನ್ನು ಕೂಗಿ ಹೇಳುತ್ತಿದ್ದ. ನಾವು ಕನ್ಸೋಲ್ ತೆರೆದು ಟೈಪ್ ಮಾಡುತ್ತಿದ್ದೆವು. ಐದು ಸೆಕೆಂಡಿನಲ್ಲಿ ಎಲ್ಲರೂ ಡಸ್ಟ್ 2 ನಕ್ಷೆಯ ಒಳಗೆ.

ಇದು ಹಳೆ ಕಾಲವೇ ಚೆನ್ನಾಗಿತ್ತು ಅನ್ನುವ ಮಾತಲ್ಲ. ಇದರಲ್ಲಿ ಒಂದು ತಾಂತ್ರಿಕ ವಿಷಯ ಇದೆ. ಆ ಆಟದ ಸರ್ವರ್ ಸಾಫ್ಟ್‌ವೇರನ್ನು ವಾಲ್ವ್ ಕಂಪನಿ ಆಡುವವರ ಕೈಗೇ ಕೊಟ್ಟಿತ್ತು. ನಮ್ಮ ಮೂಲೆ ರೂಮಿನ ಯಂತ್ರಕ್ಕೆ ಅಮೆರಿಕದ ಯಾರ ಅನುಮತಿಯೂ ಬೇಕಿರಲಿಲ್ಲ. ಆಮೇಲೆ ಆಟದ ಹೊಸ ಹೊಸ ಆವೃತ್ತಿಗಳು ಬಂದವು. ಆದರೂ ಇವತ್ತಿಗೂ 1.6 ಆಡುವವರಿದ್ದಾರೆ, ಅವರವರ ಸರ್ವರ್ ಅವರವರೇ ನಡೆಸುತ್ತಾರೆ. ಐಡಿ ಸಾಫ್ಟ್‌ವೇರ್ ಅನ್ನುವ ಆಟದ ಕಂಪನಿ ಇನ್ನೂ ಮುಂದೆ ಹೋಗಿತ್ತು. 1993ರ 'ಡೂಮ್' ಆಟದ ಮೂಲ ಕೋಡನ್ನು 1997ರಲ್ಲಿ, 'ಕ್ವೇಕ್'ನದ್ದನ್ನು 1999ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಅದಕ್ಕೇ ಡೂಮ್ ಇವತ್ತು ಕ್ಯಾಮೆರಾ, ಕ್ಯಾಲ್ಕ್ಯುಲೇಟರ್ ಅಂತ ಸಿಕ್ಕ ಸಿಕ್ಕ ಯಂತ್ರದಲ್ಲೆಲ್ಲ ಓಡುತ್ತದೆ. ಇದರಿಂದ ಐಡಿ ಕಂಪನಿ ಹಾಳಾಗಲಿಲ್ಲ. ಡೂಮ್ ಹೆಸರಿನಲ್ಲಿ ಹೊಸ ಆಟಗಳು ಈಗಲೂ ಬರುತ್ತಿವೆ, ಜನ ದುಡ್ಡು ಕೊಟ್ಟು ಕೊಳ್ಳುತ್ತಿದ್ದಾರೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕದ್ದ ಕಾಪಿ ಇಟ್ಟುಕೊಂಡವನ ಆಟ ಎಷ್ಟೋ ಸಲ ಇನ್ನೂ ನಡೆಯುತ್ತಿರುತ್ತದೆ. ಅದರಲ್ಲಿ ಲೈಸೆನ್ಸ್ ಪರೀಕ್ಷೆಯನ್ನೇ ಕಿತ್ತುಹಾಕಿರುತ್ತಾರಲ್ಲ. ಪೂರ್ತಿ ದುಡ್ಡು ಕೊಟ್ಟು, ಬಿಲ್ ಇಟ್ಟುಕೊಂಡು, ನ್ಯಾಯವಾಗಿ ಕೊಂಡವನ ಆಟ ನಿಂತುಹೋಗಿರುತ್ತದೆ. ಇಂಥ ವ್ಯವಸ್ಥೆಯನ್ನು ಇಟ್ಟುಕೊಂಡು ಪೈರಸಿ ಬೇಡ ಅಂತ ಜನರಿಗೆ ಹೇಳುವುದು ಹೇಗೆ?

ಆಗುವುದಿಲ್ಲ ಅನ್ನುವವರಿಗೆ

ಕಂಪನಿಗಳ ಕಡೆಯ ಮಾತೂ ಇದೆ, ಅದನ್ನು ತಳ್ಳಿಹಾಕಲಾಗದು. ಆನ್‌ಲೈನ್ ಆಟ ನಡೆಸಲು ತಿಂಗಳು ತಿಂಗಳು ಖರ್ಚು. ಆಡುವವರು ಕಡಿಮೆಯಾದ ಮೇಲೆ ಅದನ್ನು ಎಳೆದುಕೊಂಡು ಹೋಗು ಅಂತ ಯಾರನ್ನೂ ಒತ್ತಾಯ ಮಾಡಲಾಗದು. ಕಾರಿನ ಬ್ರ್ಯಾಂಡು, ಹಾಡು ಇವಕ್ಕೆಲ್ಲ ಲೈಸೆನ್ಸ್ ಅವಧಿ ಇರುತ್ತದೆ. ಸರ್ವರ್ ಒಳಗೆ ಬೇರೆ ಕಂಪನಿಗಳಿಂದ ತಂದ ಕೋಡ್ ಇರುತ್ತದೆ, ಅದನ್ನು ಹಾಗೇ ಹೊರಗೆ ಕೊಡಲು ಬರುವುದಿಲ್ಲ. ಜನರೇ ಸರ್ವರ್ ನಡೆಸಿದರೆ ಅಲ್ಲಿ ಬೈಗುಳ, ಕಿರುಕುಳ ತಡೆಯುವವರು ಯಾರು ಅಂತಲೂ ಕೇಳುತ್ತಾರೆ.

ಸರ್ವರ್ ಸದಾ ನಡೆಸಿ ಅಂತ ನಾವು ಯಾರೂ ಕೇಳುತ್ತಿಲ್ಲ. ನಿಲ್ಲಿಸುವ ದಿನ, ಒಬ್ಬರೇ ಆಡುವ ಭಾಗವಾದರೂ ನಡೆಯುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಅನ್ನುವುದಷ್ಟೇ. ಹಾಡಿನ ಲೈಸೆನ್ಸ್ ಮುಗಿದರೆ ಹೊಸದಾಗಿ ಮಾರುವುದನ್ನು ನಿಲ್ಲಿಸಲಿ. ಈಗಾಗಲೇ ಮಾರಿದ್ದನ್ನು ಯಾಕೆ ಕಿತ್ತುಕೊಳ್ಳಬೇಕು? ಹಳೆ ಸಿ.ಡಿ.ಯಲ್ಲಿ ಕೊಂಡ ಆಟದ ಹಾಡು ಇವತ್ತಿಗೂ ಕೇಳುತ್ತದೆ. ಬೇರೆಯವರ ಕೋಡಿನ ತೊಂದರೆ ಮಾತ್ರ ನಿಜ. ಈಗಾಗಲೇ ಮಾಡಿ ಮುಗಿಸಿದ ಆಟಗಳಲ್ಲಿ ಅದನ್ನು ಬಿಡಿಸುವುದು ತುಂಬಾ ಕಷ್ಟ. ಆದ್ದರಿಂದ ನಿಯಮ ಮುಂದೆ ಬರುವ ಆಟಗಳಿಗೆ ಇರಲಿ. ಮೊದಲ ದಿನದಿಂದಲೇ ಕೊನೆಯ ದಿನದ ಲೆಕ್ಕ ಇಟ್ಟುಕೊಂಡು ಬರೆದರೆ ಇದು ದೊಡ್ಡ ಕೆಲಸವಲ್ಲ. ಸರ್ವರ್ ವಿಳಾಸವನ್ನು ಕೋಡಿನ ಹೊಟ್ಟೆಯೊಳಗೆ ಹೂತಿಡದೆ ಒಂದು ಸೆಟ್ಟಿಂಗ್ ಫೈಲಿನಲ್ಲಿ ಇಡುವುದು, ಆಟದ ಪ್ರಗತಿಯನ್ನು ಆಡುವವರ ಯಂತ್ರದಲ್ಲೂ ಉಳಿಸುವುದು, ಲಾಗಿನ್ ಸಿಗದಿದ್ದರೆ ಒಂಟಿಯಾಗಿ ಮುಂದುವರಿಯಲು ಬಿಡುವುದು. ದಿನಾ ಕೋಡ್ ಬರೆಯುವವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಮಾಡಿ ತೋರಿಸಿದವರೂ ಇದ್ದಾರೆ. 'ನಾಕೌಟ್ ಸಿಟಿ' ಪೂರ್ತಿ ಆನ್‌ಲೈನ್ ಆಟ. 2023ರ ಜೂನ್‌ನಲ್ಲಿ ಅದರ ಸರ್ವರ್ ನಿಲ್ಲಿಸಿದಾಗ ವೆಲನ್ ಸ್ಟುಡಿಯೋಸ್, ಜನರೇ ಸರ್ವರ್ ನಡೆಸಿಕೊಳ್ಳುವಂಥ ಒಂದು ಆವೃತ್ತಿಯನ್ನು ಬಿಟ್ಟುಹೋಯಿತು. ಸೋನಿಯ 'ಗ್ರ್ಯಾನ್ ಟುರಿಸ್ಮೊ ಸ್ಪೋರ್ಟ್' ಸರ್ವರ್ 2024ರ ಜನವರಿಯಲ್ಲಿ ನಿಂತಿತು, ಅದಕ್ಕೆ ಮೊದಲೇ ಒಂದು ಅಪ್‌ಡೇಟ್ ಕೊಟ್ಟು ಒಬ್ಬರೇ ಆಡುವ ಭಾಗವನ್ನು ಆಫ್‌ಲೈನ್ ಮಾಡಿದರು. ಅದೂ ಕಾರ್ ರೇಸಿಂಗ್ ಆಟವೇ, ಅದರಲ್ಲೂ ನಿಜವಾದ ಬ್ರ್ಯಾಂಡಿನ ಕಾರುಗಳೇ! ಗೂಗಲ್ 2023ರ ಜನವರಿಯಲ್ಲಿ ಇಂಟರ್ನೆಟ್ ಮೂಲಕ ಆಟ ಆಡಿಸುವ ತನ್ನ ಸ್ಟೇಡಿಯಾ ಸೇವೆಯನ್ನು ಮುಚ್ಚಿದಾಗ ಕೊಂಡ ಆಟಗಳ ದುಡ್ಡು ವಾಪಸ್ ಕೊಟ್ಟಿತು. ಕೈಯಲ್ಲಿ ಹಿಡಿದು ಆಡುವ ಅದರ ಕಂಟ್ರೋಲರ್ ಕಸದ ಬುಟ್ಟಿಗೆ ಹೋಗದಿರಲಿ ಅಂತ ಅದನ್ನು ಸಾಮಾನ್ಯ ಬ್ಲೂಟೂತ್ ಕಂಟ್ರೋಲರ್ ಮಾಡುವ ಸಾಧನವನ್ನೂ ಕೊಟ್ಟಿತು. ಇದನ್ನೆಲ್ಲ ನಾನು ಮನಸಾರೆ ಮೆಚ್ಚುತ್ತೇನೆ.

ಇನ್ನು 'ದಿ ಕ್ರೂ' ಕಥೆ. ಗಲಾಟೆ ಜೋರಾದ ಮೇಲೆ, 2024ರ ಸೆಪ್ಟೆಂಬರ್‌ನಲ್ಲಿ ಅದೇ ಯೂಬಿಸಾಫ್ಟ್, ಸರಣಿಯ ಮುಂದಿನ ಎರಡು ಆಟಗಳಿಗೆ ಆಫ್‌ಲೈನ್ ವ್ಯವಸ್ಥೆ ಕೊಡುವುದಾಗಿ ಹೇಳಿತು. ಮೊದಲ ಆಟವನ್ನು ಮಾತ್ರ ಅಭಿಮಾನಿಗಳೇ ಎಬ್ಬಿಸಿ ನಿಲ್ಲಿಸಬೇಕಾಯಿತು. ಆಟಕ್ಕೂ ಸರ್ವರ್‌ಗೂ ನಡೆಯುತ್ತಿದ್ದ ಮಾತುಕತೆಯನ್ನು ಬಿಡಿಸಿ ನೋಡಿ, ಅದೇ ಉತ್ತರಗಳನ್ನು ಕೊಡುವ ಬೇರೊಂದು ಸರ್ವರನ್ನು ತಾವೇ ಬರೆದರು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಎಲ್ಲರಿಗೂ ಬಿಟ್ಟರು. ಸಂಬಳವಿಲ್ಲದೆ, ಮೂಲ ಕೋಡ್ ಕಣ್ಣಿಗೆ ಬೀಳದೆ, ಬಿಡುವಿನ ಹೊತ್ತಿನಲ್ಲಿ ಮಾಡಿದ ಕೆಲಸ. ಕೋಡ್ ಕೈಯಲ್ಲೇ ಇರುವವರಿಗೆ ಇದು ಇನ್ನೆಷ್ಟು ಸುಲಭ ಅಲ್ವಾ?

ಸಹಿ ಹಾಕಿದ ಯುರೋಪು

'ದಿ ಕ್ರೂ' ನಿಂತ ಬೆನ್ನಿಗೇ ರಾಸ್ ಸ್ಕಾಟ್ ಅನ್ನುವ ಯೂಟ್ಯೂಬರ್ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಶುರುಮಾಡಿದರು. ಯುರೋಪಿಯನ್ ಒಕ್ಕೂಟದಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ. ಒಂದು ವರ್ಷದೊಳಗೆ ಹತ್ತು ಲಕ್ಷ ನಾಗರಿಕರು ಸಹಿ ಹಾಕಿ, ಕನಿಷ್ಠ ಏಳು ದೇಶಗಳಲ್ಲಿ ನಿಗದಿಯಾದಷ್ಟು ಸಹಿ ಬಂದರೆ, ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ ಆ ಬೇಡಿಕೆಗೆ ಉತ್ತರ ಕೊಡಲೇಬೇಕು. 2024ರ ಜುಲೈ 31ಕ್ಕೆ ಸಹಿ ಸಂಗ್ರಹ ಶುರುವಾಯಿತು. ಬಹಳ ತಿಂಗಳು ಕುಂಟುತ್ತಾ ಸಾಗಿತು. ಕೊನೆಯ ವಾರಗಳಲ್ಲಿ ಒಮ್ಮೆಲೇ ಏರಿ, 2025ರ ಜುಲೈ 3ರಂದು ಹತ್ತು ಲಕ್ಷ ದಾಟಿತು. ಮುಗಿಯುವ ಹೊತ್ತಿಗೆ 14 ಲಕ್ಷಕ್ಕೂ ಜಾಸ್ತಿ. ಬ್ರಿಟನ್ನಿನಲ್ಲಿ ಬೇರೆ ಅರ್ಜಿ ಒಂದು ಲಕ್ಷ ಸಹಿ ದಾಟಿ ಅಲ್ಲಿನ ಸಂಸತ್ತಿನಲ್ಲಿ ಚರ್ಚೆಗೆ ಬಂತು.

ಅಮೆರಿಕದ ಕ್ಯಾಲಿಫೋರ್ನಿಯಾ ಬೇರೆ ದಾರಿ ಹಿಡಿಯಿತು. 2025ರ ಜನವರಿಯಿಂದ ಅಲ್ಲಿ, ಲೈಸೆನ್ಸನ್ನಷ್ಟೇ ಮಾರುವ ಆನ್‌ಲೈನ್ ಅಂಗಡಿ ಅದನ್ನು ಖರೀದಿ ಅಂತ ಕರೆಯಬೇಕಾದರೆ, ಇದು ಲೈಸೆನ್ಸ್ ಮಾತ್ರ ಅಂತ ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕು. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯ ಕಾರ್ಟ್ ಪುಟದಲ್ಲಿ ಅಂಥ ಒಂದು ಸಾಲು 2024ರ ಅಕ್ಟೋಬರ್‌ನಲ್ಲೇ ಬಂತು. ನನಗೆ ಇದು ಸಾಲದು. ಮೊದಲೇ ಹೇಳಿ ಕಿತ್ತುಕೊಂಡರೂ ಕಿತ್ತುಕೊಂಡಂತೆಯೇ. ತುಮಕೂರಿನ ಹುಡುಗನಿಗೆ ಆ ಸಾಲಿನಿಂದ ಏನು ಸಿಗುತ್ತಿತ್ತು?

ನಮ್ಮ ಸರ್ಕಾರಗಳ ಕಣ್ಣಿಗೆ ಬೀಳದವನು

ಈಗ ನಮ್ಮ ಕಡೆ ಬರೋಣ. ಆಟದ ವಿಷಯದಲ್ಲಿ ನಮ್ಮ ಸರ್ಕಾರಗಳು ಸುಮ್ನೆ ಕೂತಿಲ್ಲ. 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2023ರ ಅಕ್ಟೋಬರ್‌ನಿಂದ, ಕಟ್ಟಿದ ಪೂರ್ತಿ ಹಣದ ಮೇಲೆ ಶೇ. 28 ಜಿಎಸ್‌ಟಿ ಬಂತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತು. ಲೋಕಸಭೆಯಲ್ಲಿ 20ರಂದು, ರಾಜ್ಯಸಭೆಯಲ್ಲಿ 21ರಂದು ಪಾಸು, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ದುಡ್ಡು ಕಟ್ಟಿ ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಇನ್ನೊಂದು ಕಡೆ ನಮ್ಮ ರಾಜ್ಯಕ್ಕೆ 2024ರಿಂದ 2029ರವರೆಗಿನ ಎವಿಜಿಸಿ-ಎಕ್ಸ್‌ಆರ್ ನೀತಿ ಇದೆ. ಅನಿಮೇಷನ್, ಗೇಮಿಂಗ್ ಕ್ಷೇತ್ರದಲ್ಲಿ ಕೆಲಸ ಹುಟ್ಟಿಸುವುದು ಅದರ ಉದ್ದೇಶ.

ಜೂಜಿನಿಂದ ಮನೆ ಕಳೆದುಕೊಂಡವರನ್ನು ನಾನೂ ಕಂಡಿದ್ದೇನೆ. ಅದರ ಮೇಲಿನ ಕೋಪ ನನಗೆ ಅರ್ಥವಾಗುತ್ತದೆ. ಕೆಲಸ ಹುಟ್ಟಿಸುವುದೂ ಬೇಕು. ಆದರೆ ಇಷ್ಟೆಲ್ಲದರಲ್ಲಿ, ಎರಡು ಸಾವಿರ ಕೊಟ್ಟು ಒಂದು ಆಟ ಕೊಂಡು ಮನೆಯಲ್ಲಿ ತನ್ನ ಪಾಡಿಗೆ ಆಡುವವನು ಎಲ್ಲಿದ್ದಾನೆ? ಒಬ್ಬರಿಗೆ ಅವನು ಜೂಜಿಗೆ ಬೀಳಬಹುದಾದವನು. ಇನ್ನೊಬ್ಬರಿಗೆ ತೆರಿಗೆ. ಮತ್ತೊಬ್ಬರಿಗೆ ಉದ್ಯಮದ ಅಂಕಿ ಅಂಶ. ಗಿರಾಕಿಯಾಗಿ ಅವನಿಗೆ ಏನು ಸಲ್ಲಬೇಕು ಅಂತ ಯಾರೂ ಕೇಳಿಲ್ಲ. 2020ರ ಸೆಪ್ಟೆಂಬರ್ 2ರಂದು ಪಬ್ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿದಾಗಲೂ ಹೀಗೇ ಆಯಿತು. ದೇಶದ ಭದ್ರತೆಯ ಮಾತು ಬಂತು, ಸರಿ. ಆ ಆಟದೊಳಗೆ ನಮ್ಮ ಹುಡುಗರು ಹಾಕಿದ್ದ ದುಡ್ಡಿನ ಮಾತು ಬರಲಿಲ್ಲ. ಮರುವರ್ಷ ಅದರದ್ದೇ ಭಾರತದ ಆವೃತ್ತಿಯಾದ ಬಿಜಿಎಂಐ ಬಂದಾಗ ಹಳೆ ಖಾತೆಯನ್ನು ಅದಕ್ಕೆ ಸಾಗಿಸಲು ದಾರಿ ಕೊಟ್ಟದ್ದು ಕಂಪನಿ. 2022ರ ಜುಲೈನಲ್ಲಿ ಬಿಜಿಎಂಐ ಕೂಡ ಆ್ಯಪ್ ಅಂಗಡಿಗಳಿಂದ ಮಾಯವಾಗಿ, ಮುಂದಿನ ವರ್ಷ ಮೇನಲ್ಲಿ ವಾಪಸ್ ಬಂತು.

ಬೇಕಾದ ಆಯುಧ ನಮ್ಮ ಕಾನೂನಿನಲ್ಲಿ ಅರ್ಧ ಈಗಾಗಲೇ ಇದೆ. ಅದಕ್ಕೇ ನನಗೆ ಬೇಸರ ಜಾಸ್ತಿ. 2019ರ ಗ್ರಾಹಕ ರಕ್ಷಣಾ ಕಾಯ್ದೆ, ಇ-ಕಾಮರ್ಸ್ ಅಂದರೆ ಏನು ಅಂತ ಹೇಳುವಾಗ ಡಿಜಿಟಲ್ ಉತ್ಪನ್ನಗಳನ್ನು ಹೆಸರಿಸಿಯೇ ಸೇರಿಸಿದೆ. ಅದರಲ್ಲಿ ಅನ್ಯಾಯದ ಕರಾರು ಅನ್ನುವ ಕಲ್ಪನೆ ಇದೆ. ಸರಿಯಾದ ಕಾರಣವಿಲ್ಲದೆ ಒಂದೇ ಕಡೆಯವರು ಒಪ್ಪಂದ ಮುರಿಯಬಹುದು ಅಂತಿದ್ದರೆ ಅದೂ ಅನ್ಯಾಯದ ಕರಾರಿನ ಪಟ್ಟಿಗೆ ಬರುತ್ತದೆ. ನಮ್ಮ ಆಟಗಳ ಒಪ್ಪಂದಗಳಲ್ಲಿ ಇರುವುದು ಇದೇ ತಾನೇ? ತೊಡಕು ಏನೆಂದರೆ, ಅನ್ಯಾಯದ ಕರಾರಿನ ದೂರನ್ನು ಜಿಲ್ಲಾ ಆಯೋಗ ತೆಗೆದುಕೊಳ್ಳುವುದಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಐನೂರು ರೂಪಾಯಿಯ ಆಟಕ್ಕೆ ತುಮಕೂರಿನಿಂದ ಯಾರು ಬೆಂಗಳೂರಿಗೆ ಓಡಾಡುತ್ತಾರೆ? ಚಿಕ್ಕ ಮೊತ್ತದ ಇಂಥ ದೂರುಗಳನ್ನು ಜಿಲ್ಲೆಯಲ್ಲೇ ಕೇಳುವಂತಾಗಬೇಕು. ಇದು ಆಟದವರಿಗೆ ಮಾತ್ರವಲ್ಲ, ಎಲ್ಲ ಗ್ರಾಹಕರಿಗೂ ಒಳ್ಳೆಯದು.

ಕೃತಿಸ್ವಾಮ್ಯದ ಕಾಯ್ದೆಯೂ ಈ ವಿಷಯದಲ್ಲಿ ನಮ್ಮದು ಸ್ವಲ್ಪ ಉದಾರವಾಗಿದೆ. ನ್ಯಾಯವಾಗಿ ಸಾಫ್ಟ್‌ವೇರ್ ಪಡೆದವನು ಅದು ಹಾಳಾದರೆ ಇರಲಿ ಅಂತ ಬ್ಯಾಕಪ್ ಪ್ರತಿ ಮಾಡಿಕೊಳ್ಳಬಹುದು. ಬೇರೆ ಪ್ರೋಗ್ರಾಂ ಅದರ ಜೊತೆ ಹೊಂದಿಕೊಂಡು ನಡೆಯಲು ಬೇಕಾದ ಮಾಹಿತಿ ಬೇರೆಲ್ಲೂ ಸುಲಭವಾಗಿ ಸಿಗದಿದ್ದರೆ, ಅದಕ್ಕಾಗಿ ಒಳಗೆ ಬಿಡಿಸಿ ನೋಡಬಹುದು. ಇವೆರಡೂ 52ನೇ ಸೆಕ್ಷನ್ನಿನಲ್ಲಿವೆ. 2012ರಲ್ಲಿ ಬಂದ 65ಎ ಸೆಕ್ಷನ್ ಡಿಜಿಟಲ್ ಬೀಗ ಒಡೆಯುವುದನ್ನು ಅಪರಾಧ ಮಾಡಿದೆ, ಆದರೆ ಕಾಯ್ದೆ ನಿಷೇಧಿಸದ ಉದ್ದೇಶಕ್ಕೆ ಒಡೆದರೆ ವಿನಾಯಿತಿಯನ್ನೂ ಇಟ್ಟಿದೆ. ನಿಂತುಹೋದ ಆಟಕ್ಕೆ ನಮ್ಮ ಊರಿನ ಹುಡುಗಿಯೊಬ್ಬಳು ಹೊಸ ಸರ್ವರ್ ಬರೆದರೆ ಅವಳ ಪರವಾಗಿ ವಾದಿಸಲು ಇಲ್ಲಿ ಒಳ್ಳೆಯ ನೆಲೆ ಇದೆ ಅಂತ ನನ್ನ ಓದು. ಸರ್ಕಾರ ಒಂದು ವಿವರಣೆ ಕೊಟ್ಟು ಇದನ್ನು ಸ್ಪಷ್ಟ ಮಾಡಿದರೆ ಅವಳು ಹೆದರದೆ ಕೂತು ಕೆಲಸ ಮಾಡಬಹುದು.

ಹಳೆ ನುಡಿ ಫೈಲುಗಳು

ಆಟ ತಾನೇ, ಇಷ್ಟೊಂದು ಯಾಕೆ ಅನ್ನುವವರಿಗೆ ಒಂದು ಬೇರೆ ಉದಾಹರಣೆ. ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಥರ ನಡೆಯುವ ಯೂನಿಕೋಡ್ ಅಕ್ಷರ ವ್ಯವಸ್ಥೆ ಬಳಕೆಗೆ ಬರುವ ಮೊದಲು 'ನುಡಿ', 'ಬರಹ' ಅನ್ನುವ ಕನ್ನಡ ಸಾಫ್ಟ್‌ವೇರ್‌ಗಳಲ್ಲಿ ಟೈಪ್ ಮಾಡಿದ ಫೈಲುಗಳು ನಮ್ಮ ಪತ್ರಿಕೆ, ಮುದ್ರಣಾಲಯ, ಸರ್ಕಾರಿ ಕಚೇರಿಗಳಲ್ಲಿ ಇವತ್ತಿಗೂ ರಾಶಿ ಬಿದ್ದಿವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಮೇಲೆ ಕೊಂಬು, ಚುಕ್ಕಿ ಬಂದು ಕೂತಿರುತ್ತವೆ. ಒಂದಕ್ಷರ ಅರ್ಥವಾಗುವುದಿಲ್ಲ. ಆದರೂ ಅವು ಸತ್ತಿಲ್ಲ. ಫಾಂಟ್ ನಮ್ಮ ಹಾರ್ಡ್ ಡಿಸ್ಕಿನಲ್ಲೇ ಇತ್ತು, ಯಾವ ಕೋಡಿಗೆ ಯಾವ ಅಕ್ಷರದ ತುಂಡು ಅನ್ನುವುದು ಬಿಡಿಸಿ ನೋಡಿದರೆ ಸಿಗುತ್ತಿತ್ತು. ನಮ್ಮ ಹುಡುಗರು ಕೂತು ಪರಿವರ್ತಕಗಳನ್ನು ಬರೆದರು. ಒತ್ತಕ್ಷರ, ಅರ್ಕಾವತ್ತು ಅದಲು ಬದಲಾಗದಂತೆ ತಿದ್ದಿ ತಿದ್ದಿ ಸರಿಮಾಡಿದರು. ಇವತ್ತು ಆ ಹಳೆ ಲೇಖನವನ್ನು ಯೂನಿಕೋಡಿಗೆ ತಂದು ಓದಬಹುದು. ಅದೇ ನುಡಿ ಒಂದು ಕಂಪನಿಯ ಸರ್ವರ್ ಮೇಲೆ ನಡೆಯುವ, ತಿಂಗಳ ಬಾಡಿಗೆಯ ಸೇವೆ ಆಗಿದ್ದು, ಫೈಲೂ ಅಲ್ಲೇ ಇದ್ದು, ಒಂದು ದಿನ ಕಂಪನಿ ಬಾಗಿಲು ಹಾಕಿದ್ದರೆ? ಎರಡು ದಶಕದ ಕನ್ನಡ ಬರವಣಿಗೆಗೆ ಏನಾಗುತ್ತಿತ್ತು ಅಂತ ಯೋಚನೆ ಮಾಡಿದರೇ ನನಗೆ ಹೊಟ್ಟೆ ತೊಳಸುತ್ತದೆ. ಈಗ ನಾವು ಬರೆಯುವುದೆಲ್ಲ ಅಂಥ ಕಡೆಯೇ ಕೂಡಿಬೀಳುತ್ತಿದೆ.

ಆಟಗಳನ್ನೂ ನಾನು ಇದೇ ಸಾಲಿನಲ್ಲಿ ಇಡುತ್ತೇನೆ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಅಧ್ಯಯನ ಹೊರತಂದಿತು. ಅಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇ. 87ರಷ್ಟು ಈಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲವಂತೆ. ಆ ಆಟಗಳ ಡಿಸ್ಕು, ಕಾರ್ಟ್ರಿಡ್ಜು ಯಾರದ್ದೋ ಅಟ್ಟದ ಮೇಲಾದರೂ ಇರುತ್ತವೆ. ಸರ್ವರ್ ನಂಬಿಕೊಂಡ ಆಟಕ್ಕೆ ಅದೂ ಇಲ್ಲ.

ಒಂದು ಸಾಲಿನ ಷರತ್ತು

ಹೊಸ ಗೇಮಿಂಗ್ ಕಾಯ್ದೆಯ ಒಳಗೆ ಒಂದು ಸಣ್ಣ ಕಿಂಡಿ ಇದೆ. ಜೂಜಲ್ಲದ ಸಾಮಾನ್ಯ ಆಟಗಳನ್ನು ಅದು ಬೇರೆ ವರ್ಗವಾಗಿ ಗುರುತಿಸಿದೆ. ಅಂಥ ಆಟಕ್ಕೆ ಚಂದಾ ಅಥವಾ ಒಂದೇ ಸಲದ ಪ್ರವೇಶ ಶುಲ್ಕ ತೆಗೆದುಕೊಳ್ಳಬಹುದು ಅಂತ ಒಪ್ಪಿಕೊಂಡಿದೆ. ಒಂದೇ ಸಲ ದುಡ್ಡು ಕೊಟ್ಟವನೊಬ್ಬ ಇದ್ದಾನೆ ಅಂತ ಕಾಯ್ದೆಯೇ ಹೇಳಿದ ಮೇಲೆ, ಅವನಿಗೆ ಏನು ಸಿಗಬೇಕು ಅನ್ನುವುದನ್ನೂ ನಿಯಮದಲ್ಲಿ ಬರೆಯಬೇಕು. ನಾನು ಕೇಳುವುದು ಇಷ್ಟು. ಒಂದೇ ಸಲ ದುಡ್ಡು ತೆಗೆದುಕೊಂಡು ಕೊಟ್ಟ ಆಟವನ್ನು ನಿಲ್ಲಿಸುವುದಾದರೆ ಆರು ತಿಂಗಳು ಮೊದಲೇ ಹೇಳಬೇಕು. ಆಡುವವನು ಕಟ್ಟಿದ್ದನ್ನು ಫೈಲಾಗಿ ಅವನ ಕೈಗೆ ಕೊಡಬೇಕು. ಒಬ್ಬರೇ ಆಡುವ ಭಾಗ ಸರ್ವರ್ ಇಲ್ಲದೆ ನಡೆಯುವಂತೆ ಕೊನೆಯ ಅಪ್‌ಡೇಟ್ ಬಿಡಬೇಕು. ಅದು ಆಗದಿದ್ದರೆ ದುಡ್ಡು ವಾಪಸ್. ತಿಂಗಳ ಚಂದಾ ಆಟಗಳಿಗೆ ಈ ನಿಯಮ ಬೇಡ, ಅಲ್ಲಿ ಬಾಡಿಗೆ ಅಂತ ಎಲ್ಲರಿಗೂ ಗೊತ್ತೇ ಇರುತ್ತದೆ.

ದೆಹಲಿಯಲ್ಲಿ ಇದು ಆಗಲು ಹೊತ್ತು ಹಿಡಿಯಬಹುದು. ಬೆಂಗಳೂರಿನಲ್ಲಿ ಅಷ್ಟು ಕಾಯಬೇಕಿಲ್ಲ. ಎವಿಜಿಸಿ ನೀತಿಯ ಅಡಿಯಲ್ಲಿ ರಾಜ್ಯ ಸರ್ಕಾರ ಗೇಮ್ ಸ್ಟುಡಿಯೋಗಳಿಗೆ ನೆರವು ಕೊಡುತ್ತದೆ. ಅದು ನಮ್ಮೆಲ್ಲರ ತೆರಿಗೆ ದುಡ್ಡು. ಈ ದುಡ್ಡಿನಲ್ಲಿ ತಯಾರಾಗುವ ಆಟಕ್ಕೆ ಕೊನೆಯ ದಿನದ ಯೋಜನೆಯೊಂದನ್ನು ಅರ್ಜಿಯ ಜೊತೆಗೇ ಬರೆದುಕೊಡಿ, ನಿಲ್ಲಿಸುವಾಗ ಅದರಂತೆ ಮಾಡಿ ಅಂತ ಕೇಳಬಹುದು. ಸರ್ವರ್ ನಡೆಸಲಾಗದೆ ನಿಲ್ಲಿಸುವ ಪಾಳಿ ಸಣ್ಣ ಸ್ಟುಡಿಯೋಗಳಿಗೇ ಬೇಗ ಬರುವುದರಿಂದ, ಹೇಗೆ ಮಾಡಬೇಕು ಅಂತ ಅವರಿಗೆ ಹೇಳಿಕೊಡುವ ಕೆಲಸವನ್ನೂ ರಾಜ್ಯ ಸರ್ಕಾರ ಈ ಕ್ಷೇತ್ರಕ್ಕಾಗಿ ಕಟ್ಟಿರುವ ಎವಿಜಿಸಿ ಕೇಂದ್ರದಲ್ಲೇ ಮಾಡಬಹುದು. ಇದಕ್ಕೆ ಹೊಸ ಕಾಯ್ದೆ ಬೇಡ, ಅಧಿವೇಶನ ಕಾಯಬೇಕಿಲ್ಲ. ನೆರವಿನ ಷರತ್ತುಗಳ ಪಟ್ಟಿಗೆ ಒಂದು ಸಾಲು ಸೇರಿಸಿದರೆ ಮುಂದಿನ ಅರ್ಜಿಯಿಂದಲೇ ಶುರುಮಾಡಬಹುದು.